ಒಲೆ ಒಂದಿರಲಿ, ಬಾಗಿಲು ಬೇರೆ ಇರಲಿ: ಜರ್ಮನಿಗೆ ಹೋಗುವ ಆನ್‌ಸೈಟ್ ತಂಡಕ್ಕೆ ಎಂಥ ಮನೆ?

ಬೆಂಗಳೂರಿನ ಆಫೀಸಿನಲ್ಲಿ ಎರಡು ವರ್ಷ ಒಂದೇ ಸಾಲಿನಲ್ಲಿ ಕೂತಿದ್ದೆವು. ಆದರೂ ನಮ್ಮ ಟೆಸ್ಟಿಂಗ್ ಹುಡುಗನಿಗೆ ಬದನೆಕಾಯಿ ಆಗಿಬರಲ್ಲ ಅಂತ ನನಗೆ ಗೊತ್ತಾಗಿದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ಹತ್ತು ದಿನವಾದ ಮೇಲೆ. ಅವನ ತಂದೆಗೆ ಆಪರೇಷನ್ ಆಗಲಿದೆ, ರಾತ್ರಿ ಅವನಿಗೆ ನಿದ್ದೆ ಬರ್ತಿಲ್ಲ ಅಂತ ತಿಳಿದದ್ದೂ ಅಲ್ಲೇ, ಪಾತ್ರೆ ತೊಳೆಯುವಾಗ. ಮೀಟಿಂಗ್‌ನಲ್ಲಿ ಅವನು ಅದನ್ನು ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಪ್ರಾಜೆಕ್ಟ್ ಕೆಲಸಕ್ಕೆ ಅಂತ, ನಮ್ಮ ಆಫೀಸ್ ಭಾಷೆಯಲ್ಲಿ ಆನ್‌ಸೈಟ್ ಅಂತ, ಮೂರು ಸಲ ಆ ಊರಿಗೆ ಹೋಗಿದ್ದೇನೆ. ಮೊದಲ ಸಲ ಹೋಟೆಲ್. ಎರಡನೇ ಸಲ ಆರು ಜನಕ್ಕೆ ಒಂದೇ ಮನೆ. ಮೂರನೇ ಸಲ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಸ್ಟುಡಿಯೋ. ಆಳಿಗೊಂದು ಫ್ಲಾಟ್ ಅನ್ನುವ ನಾಲ್ಕನೇ ಬಗೆಯನ್ನು ಗೆಳೆಯರ ತಂಡಗಳಲ್ಲಿ ನೋಡಿದ್ದೇನೆ. ಕಂಪನಿಯ ಟ್ರಾವೆಲ್ ಡೆಸ್ಕ್‌ನವರು ಬಜೆಟ್ ಎಷ್ಟು, ಆಫೀಸಿಂದ ಎಷ್ಟು ದೂರ ಅಂತ ಕೇಳುತ್ತಾರೆ. ಆರು ತಿಂಗಳು ಕಳೆದ ಮೇಲೆ ಈ ಆರು ಜನ ಒಬ್ಬರ ಜೊತೆ ಒಬ್ಬರು ಮಾತಾಡ್ತಾ ಇರ್ತಾರಾ ಅಂತ ಯಾರೂ ಕೇಳಲ್ಲ. ಆ ಪ್ರಶ್ನೆ ಇಟ್ಟುಕೊಂಡೇ ನಾಲ್ಕನ್ನೂ ತೂಗಿ ನೋಡೋಣ.

ನನ್ನ ಅನುಕೂಲಕ್ಕೆ ಇವಕ್ಕೆ ನಮ್ಮ ಕಡೆಯ ಹೆಸರುಗಳನ್ನೇ ಇಟ್ಟಿದ್ದೇನೆ. ಹೋಟೆಲ್ ಅಂದರೆ ಲಾಡ್ಜ್. ಹಂಚಿಕೊಂಡ ಮನೆ ಅಂದರೆ ಕೂಡುಮನೆ. ಒಂದೇ ಕಟ್ಟಡದ ಸ್ಟುಡಿಯೋಗಳು ಅಂದರೆ ವಠಾರ. ಊರ ತುಂಬ ಚದುರಿದ ಫ್ಲಾಟ್‌ಗಳು ಅಂದರೆ ಲೇಔಟ್.

ಮೊದಲು ಸಂಜೆಯ ಲೆಕ್ಕ

ಅಮೆರಿಕಕ್ಕೆ ಹೋದವರ ಅನುಭವ ಕೇಳಿಕೊಂಡು ಜರ್ಮನಿಯಲ್ಲಿ ಮನೆ ಹುಡುಕಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ಸಂಜೆ ಏಳು ಅಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ ಎಂಟೂವರೆ. ಅಮ್ಮ ಕಾಫಿ ಕುಡಿದು ಫೋನ್ ಹಿಡಿದು ಕೂತಿರುತ್ತಾರೆ. ಸಂಜೆ ಹೇಗೋ ಕಳೆಯುತ್ತೆ. ಜರ್ಮನಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ನೀವು ಆಫೀಸ್ ಮುಗಿಸಿ ರೂಮಿಗೆ ಬಂದು ಶೂ ಬಿಚ್ಚುವಾಗ ಊರಲ್ಲಿ ರಾತ್ರಿ ಹನ್ನೊಂದು ದಾಟಿರುತ್ತೆ. ಮನೆಯವರು ಮಲಗಿರುತ್ತಾರೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಸುಮ್ನೆ ಸುತ್ತಾಡಿ ಬರೋಣ ಅಂದರೆ ಮಾಲ್ ಕೂಡ ಇಲ್ಲ.

ಆ ಖಾಲಿ ಸಂಜೆಯನ್ನು ಯಾರ ಜೊತೆ ಕಳೆಯುತ್ತೀರಿ ಅನ್ನುವುದನ್ನು ನಿಮಗಿಂತ ಜಾಸ್ತಿ ನಿಮ್ಮ ಮನೆ ತೀರ್ಮಾನ ಮಾಡುತ್ತೆ. ಇದು ನನ್ನೊಬ್ಬನ ಅನಿಸಿಕೆ ಅಲ್ಲ. 1950ರಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಟುಂಬಗಳ ವಸತಿಯಲ್ಲಿ ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ಪಕ್ಕದ ಮನೆಯವರನ್ನು ಸ್ನೇಹಿತರೆಂದು ಹೆಸರಿಸಿದವರು ಶೇಕಡ 41. ಒಂದು ಮನೆ ಬಿಟ್ಟು ಇನ್ನೊಂದು ಮನೆಯಾದರೆ ಶೇಕಡ 22. ಅದೇ ಮಹಡಿಯ ಆ ತುದಿಯವರಾದರೆ ಬರೀ 10. ಅಷ್ಟು ದೂರವೇನಲ್ಲ, ನಾಲ್ಕು ಬಾಗಿಲು ಅಷ್ಟೇ. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಜಾಸ್ತಿ ಸ್ನೇಹಿತರಿದ್ದರು, ಎಲ್ಲರೂ ಅವರ ಬಾಗಿಲ ಮುಂದೆಯೇ ಹಾದು ಹೋಗಬೇಕಿತ್ತಲ್ಲ.

ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. 1976ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಬ್ಬೆ ಎಬ್ಬೆಸನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಒಂದು ವಸತಿ ಸಮುಚ್ಚಯದಲ್ಲಿ ನಿಮಗೆ ಆಗದವರು ಯಾರು ಅಂತಲೂ ಕೇಳಿದರು. ಅವರೂ ಪಕ್ಕದಲ್ಲೇ ಇದ್ದರು! ಗಲಾಟೆ, ಕಸ ಇಂಥದ್ದೇ ಕಾರಣ. ಹತ್ತಿರ ಇದ್ದರೆ ಪ್ರೀತಿ ಹುಟ್ಟುತ್ತೆ ಅನ್ನುವುದು ಅರ್ಧ ಮಾತು. ಹತ್ತಿರ ಇದ್ದರೆ ಏನೋ ಒಂದು ಹುಟ್ಟುತ್ತೆ. ಅದು ಏನು ಅನ್ನುವುದು ಸಿಂಕ್‌ನಲ್ಲಿ ರಾತ್ರಿಯ ಪಾತ್ರೆ ಬಿದ್ದಿದೆಯಾ ಅನ್ನುವುದರ ಮೇಲೆ ನಿಂತಿದೆ.

ಲಾಡ್ಜ್

ಮೂರು ವಾರದ ಒಳಗಿನ ಕೆಲಸವಾದರೆ ತಲೆ ಕೆಡಿಸಿಕೊಳ್ಳಬೇಡಿ, ಹೋಟೆಲ್ ಸಾಕು. ಬೆಳಗಿನ ತಿಂಡಿಗೆ ಎಲ್ಲರೂ ಒಂದೇ ಮೇಜಿಗೆ ಬರುತ್ತಾರೆ, ಹಾಸಿಗೆ ಯಾರೋ ಹಾಸುತ್ತಾರೆ, ಜಗಳಕ್ಕೆ ವಿಷಯವೇ ಇಲ್ಲ.

ತೊಂದರೆ ಶುರುವಾಗುವುದು ಅದರ ನಂತರ. ರಾತ್ರಿ ಬಂದರೆ ಉದ್ದನೆಯ ಕಾರಿಡಾರ್, ಎರಡೂ ಬದಿ ಮುಚ್ಚಿದ ಬಾಗಿಲು. ಕಾರ್ಡ್ ತೋರಿಸಿ ಒಳಗೆ ಹೋದರೆ ಮುಗಿಯಿತು. ಇನ್ನೊಬ್ಬರನ್ನು ನೋಡಬೇಕಂದರೆ ಮೆಸೇಜ್ ಹಾಕಿ, ಪ್ಲಾನ್ ಮಾಡಿ, ಲಾಬಿಗೆ ಇಳಿಯಬೇಕು. ಪ್ಲಾನ್ ಮಾಡಿ ಭೇಟಿಯಾಗುವವರು ಆಫೀಸಿನ ಮಾತನ್ನೇ ಆಡುತ್ತಾರೆ. ಕೆಟಲ್‌ನಲ್ಲಿ ನೀರು ಕಾಯಿಸಿ ರೆಡಿಮೇಡ್ ಉಪ್ಪಿಟ್ಟಿಗೆ ಸುರಿದುಕೊಂಡು, ಮೊಬೈಲ್ ನೋಡುತ್ತಾ ಆರು ಜನ ಆರು ರೂಮಿನಲ್ಲಿ ಒಬ್ಬೊಬ್ಬರೇ ಊಟ ಮಾಡಿದ್ದೇವೆ. ಅದೂ ಗೋಡೆಗೆ ಗೋಡೆ ಅಂಟಿಕೊಂಡಿದ್ದ ರೂಮುಗಳು.

ಅಲ್ಲಿ ನಾವು ನಿಜವಾಗಿ ಒಟ್ಟಿಗೆ ಸೇರಿದ್ದು ಒಂದೇ ರಾತ್ರಿ. ನಮ್ಮಲ್ಲೊಬ್ಬರಿಗೆ ತಿಳಿಸಾರಿನ ಆಸೆಯಾಗಿ, ಸೂಟ್‌ಕೇಸ್‌ನಲ್ಲಿ ತಂದಿದ್ದ ಇಂಡಕ್ಷನ್ ಒಲೆ ತೆಗೆದರು. ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಘಾಟು ಎದ್ದಿತು, ಅಲಾರಂ ಹೊಡೆದುಕೊಂಡಿತು. ಇಡೀ ಹೋಟೆಲ್ ರಸ್ತೆಗೆ ಇಳಿಯಿತು. ಅಲ್ಲಿ ಹಲವು ಹೋಟೆಲ್‌ಗಳ ಅಲಾರಂ ನೇರವಾಗಿ ಅಗ್ನಿಶಾಮಕ ದಳಕ್ಕೇ ಹೋಗುತ್ತೆ, ಸುಳ್ಳು ಕರೆಯಾದರೆ ಬಿಲ್ಲೂ ಬರುತ್ತೆ. ಚಳಿಯಲ್ಲಿ ನಡುಗುತ್ತಾ ಫುಟ್‌ಪಾತ್‌ನಲ್ಲಿ ನಿಂತು ನಗಾಡಿದ್ದೇ ಆ ಎರಡು ತಿಂಗಳ ಒಳ್ಳೆಯ ನೆನಪು. ಒಗ್ಗರಣೆ ಹಾಕದೆ ಎರಡು ತಿಂಗಳು ಇರಬಲ್ಲ ತಂಡಕ್ಕೆ ಲಾಡ್ಜ್ ಸರಿ. ನಾನು ಅಂಥ ತಂಡ ನೋಡಿಲ್ಲ.

ಕೂಡುಮನೆ

ಜರ್ಮನಿಯಲ್ಲಿ ಹಂಚಿಕೊಂಡ ಮನೆಗೆ ವೇಗೇ ಅಂತಾರೆ. ಬಾಡಿಗೆ ಜಾಹೀರಾತಿನಲ್ಲಿ 'ವೇಗೇ ಗೆಐಗ್ನೆಟ್' ಅಂತಿದ್ದರೆ ಸಂಬಂಧವಿಲ್ಲದ ನಾಲ್ಕೈದು ಜನ ಸೇರಿ ಇರಲು ಆ ಮನೆಯ ವಿನ್ಯಾಸ ಸರಿಹೊಂದುತ್ತೆ ಅಂತ ಅರ್ಥ. 'ಮೊಬ್ಲಿಯರ್ಟ್' ಅಂತಿದ್ದರೆ ಸಾಮಾನು ಸಮೇತ. ಈ ಎರಡನೇ ಪದ ಮರೆತರೆ ಕಷ್ಟ. ಅಲ್ಲಿ ಸಾದಾ ಬಾಡಿಗೆ ಮನೆಗಳಲ್ಲಿ ಎಷ್ಟೋ ಸಲ ಅಡುಗೆಮನೆಯೇ ಇರಲ್ಲ. ಅಂದರೆ ಕೋಣೆ ಇರುತ್ತೆ, ಸಿಂಕೂ ಇಲ್ಲ, ಒಲೆಯೂ ಇಲ್ಲ. ಹಳೇ ಬಾಡಿಗೆದಾರ ಕಿತ್ತುಕೊಂಡು ಹೋಗಿರುತ್ತಾನೆ.

ಖರ್ಚಿನ ಲೆಕ್ಕದಲ್ಲಿ ಕೂಡುಮನೆಗೆ ಸಾಟಿಯಿಲ್ಲ. ಸಾರ್ವಜನಿಕ ರೇಡಿಯೋ ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ. ಅದು ತಲೆಗಲ್ಲ, ಮನೆಗೆ. ಆರು ಜನಕ್ಕೆ ಒಂದೇ. ಏಷ್ಯನ್ ಅಂಗಡಿಯಿಂದ ಸೋನಾಮಸೂರಿಯ ದೊಡ್ಡ ಮೂಟೆ ತರಬಹುದು. ಆದರೆ ಬಾಡಿಗೆ ಕರಾರಿಗೆ ಎಲ್ಲರೂ ಸೇರಿ ಸಹಿ ಹಾಕಿದರೆ, ಒಬ್ಬರು ಮಧ್ಯದಲ್ಲಿ ವಾಪಸ್ ಹೋದರೂ ಪೂರ್ತಿ ಬಾಡಿಗೆಗೆ ಉಳಿದವರು ಹೊಣೆ. ಹಾಗಾಗಿ ಕಂಪನಿಯ ಹೆಸರಿನಲ್ಲೇ ಕರಾರು ಮಾಡಿಸಿ. ಇದು ಹಣದ ಮಾತು ಮಾತ್ರ ಅಲ್ಲ. ಊರಿಗೆ ಹೋದವನ ಬಾಡಿಗೆ ಕಟ್ಟಿದ ಗೆಳೆಯರು ಅವನನ್ನು ಗೆಳೆಯ ಅನ್ನುವುದು ಕಡಿಮೆ.

ಆತ್ಮೀಯತೆಯ ಲೆಕ್ಕಕ್ಕೆ ಬರೋಣ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಸ್ನೇಹಕ್ಕೆ ಎಷ್ಟು ಗಂಟೆ ಬೇಕು ಅಂತ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಸಾಧಾರಣ ಸ್ನೇಹಕ್ಕೆ 50 ಗಂಟೆ, ಆಪ್ತ ಸ್ನೇಹಕ್ಕೆ 200ಕ್ಕೂ ಮೇಲೆ. ಆಫೀಸ್ ಕೆಲಸದ ಗಂಟೆಗಳು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರಲ್ಲ, ಆರಾಮಾಗಿ ಕಳೆದ ಗಂಟೆಗಳೇ ಬೇಕು. ಬೆಂಗಳೂರಿನ ಟ್ರಾಫಿಕ್ ನಡುವೆ ಸಹೋದ್ಯೋಗಿ ಜೊತೆ 200 ಗಂಟೆ ಎಲ್ಲಿ ತರುತ್ತೀರಿ? ಕೂಡುಮನೆಯಲ್ಲಿ ದಿನಕ್ಕೆ ಮೂರು ಗಂಟೆ ಹಿಡಿದರೂ ಎರಡೂವರೆ ತಿಂಗಳು ತುಂಬುವ ಮೊದಲೇ ಅಷ್ಟಾಗಿರುತ್ತೆ.

ಅದು ನಮ್ಮ ವಿಷಯದಲ್ಲಿ ನಿಜವಾಯಿತು. ಹೊಸಬರು ಅನುಮಾನ ಕೇಳಲು ಹೆದರುವುದು ನಿಂತಿತು. ಚಪಾತಿ ಲಟ್ಟಿಸುತ್ತಾ "ಸಾರ್, ಆ ಇಂಟರ್‌ಫೇಸ್ ನನಗೆ ಅರ್ಥವೇ ಆಗಿಲ್ಲ" ಅಂದಿದ್ದಳು ಒಬ್ಬ ಹುಡುಗಿ. ಆಫೀಸಿನಲ್ಲಾಗಿದ್ದರೆ ಇನ್ನೂ ಎರಡು ವಾರ ತಲೆಯಾಡಿಸುತ್ತಿದ್ದಳು. ಆ ಹುಡುಗಿ ನಮ್ಮ ಮನೆಯಲ್ಲಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಎರಡು ಬೀದಿ ಆಚೆ ಬೇರೆ ಸ್ಟುಡಿಯೋದಲ್ಲಿದ್ದಳು, ಸಂಜೆ ಊಟಕ್ಕೆ ಬರುತ್ತಿದ್ದಳು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು ಜಗಳ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಕೂಡುಮನೆಯ ಜಗಳ ಉಂಡ ಮೇಲೆಯೇ ಶುರು. ಮೊದಲನೆಯದು ಪಾತ್ರೆ. ಎರಡನೆಯದು ಕೋಳಿ ಬೇಯಿಸಿದ ಬಾಣಲೆಯಲ್ಲಿ ಪಲ್ಯ ಮಾಡಬಹುದಾ ಅನ್ನುವುದು. ಇದಕ್ಕೆ ಚರ್ಚೆ ಬೇಡ, ಮೊದಲ ದಿನವೇ ಎರಡು ಬಾಣಲೆ, ಎರಡು ಸೌಟು ತನ್ನಿ, ಬಣ್ಣ ಬೇರೆ ಇರಲಿ. ಮೂರನೆಯದು ಕಿಟಕಿ. ದಿನಕ್ಕೆರಡು ಸಲ ಐದು ಹತ್ತು ನಿಮಿಷ ಎಲ್ಲ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸಬೇಕು ಅನ್ನುವುದು ಅಲ್ಲಿ ಮನೆ ಮಾಲೀಕರು ಹೇಳುವ ಮೊದಲ ಮಾತು. ಕುಕ್ಕರ್ ಹಬೆ, ಒಳಗೇ ಒಣಹಾಕಿದ ಬಟ್ಟೆ, ಮುಚ್ಚಿದ ಕಿಟಕಿ ಮೂರೂ ಸೇರಿದರೆ ಗೋಡೆಗೆ ಬೂಷ್ಟು. ಚಳಿ ಅಂತ ಕಿಟಕಿ ಮುಚ್ಚುವವರು, ಡೆಪಾಸಿಟ್ ಹೋಗುತ್ತೆ ಅಂತ ತೆರೆಯುವವರು ಅಂತ ನಮ್ಮ ಮನೆಯಲ್ಲಿ ಎರಡು ಪಕ್ಷಗಳೇ ಆಗಿದ್ದವು. ಡೆಪಾಸಿಟ್ ಅಂದರೆ ಸಣ್ಣ ಮೊತ್ತವಲ್ಲ, ಮೂಲ ಬಾಡಿಗೆಯ ಮೂರು ತಿಂಗಳಷ್ಟರವರೆಗೆ ಕೇಳಬಹುದು.

ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಮೆಟ್ಟಿಲು, ಓಣಿ ಗುಡಿಸುವುದಕ್ಕೆ ಕಟ್ಟಡದ ಮನೆಗಳಿಗೆ ವಾರಕ್ಕೊಂದರಂತೆ ಸರದಿ. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಸಣ್ಣ ಬೋರ್ಡು ನೇತುಬೀಳುತ್ತೆ. ಮೊದಲು ನಗು ಬಂತು. ಆಮೇಲೆ ಅದೇ ನಮ್ಮನ್ನು ಉಳಿಸಿತು. ಒಳಗಿನ ಕೆಲಸಕ್ಕೂ ರಟ್ಟಿನ ಬೋರ್ಡು ಮಾಡಿ ರೂಮಿನ ಬಾಗಿಲಿಗೆ ನೇತುಹಾಕಿದೆವು. ಯಾರೂ ಯಾರಿಗೂ "ನಿನ್ನ ಸರದಿ ಕಣೋ" ಅನ್ನಬೇಕಾಗಿ ಬರಲಿಲ್ಲ, ಬೋರ್ಡೇ ಹೇಳುತ್ತಿತ್ತು. ತಂಡದ ಲೀಡ್ ಬಾಯಲ್ಲಿ ಹೇಳಿಸಿಕೊಳ್ಳುವುದಕ್ಕಿಂತ ರಟ್ಟಿನ ಬಾಯಲ್ಲಿ ಹೇಳಿಸಿಕೊಳ್ಳುವುದು ಎಲ್ಲರಿಗೂ ಹಗುರ.

ಆದರೂ ನಾಲ್ಕನೇ ತಿಂಗಳ ಹೊತ್ತಿಗೆ ಇಬ್ಬರು ಮಾತು ಬಿಟ್ಟರು. ಕಾರಣ ಹೇಳಿದರೆ ನಗುತ್ತೀರಿ. ಒಬ್ಬ ಬೆಳಿಗ್ಗೆ ಐದಕ್ಕೆ ಎದ್ದು ಊರಿನ ಮನೆಗೆ ವಿಡಿಯೋ ಕಾಲ್ ಮಾಡುತ್ತಿದ್ದ, ಇನ್ನೊಬ್ಬನ ನಿದ್ದೆ ಕೆಡುತ್ತಿತ್ತು. ಇಬ್ಬರಿಗೂ ಒಂದೇ ರೂಮು. ಅಲ್ಲಿಗೆ ನನಗೊಂದು ಪಾಠ: ಅಡುಗೆಮನೆ ಹಂಚಿಕೊಳ್ಳಬಹುದು, ನಿದ್ದೆ ಹಂಚಿಕೊಳ್ಳಲಾಗದು.

ವಠಾರ

ಹಳೇ ಬೆಂಗಳೂರು, ಮೈಸೂರು ಕಂಡವರಿಗೆ ವಠಾರ ಗೊತ್ತಿರುತ್ತೆ. ಸುತ್ತ ಸಣ್ಣ ಸಣ್ಣ ಮನೆಗಳು, ನಡುವೆ ಅಂಗಳ, ಒಂದು ಬಾವಿ ಅಥವಾ ನಲ್ಲಿ. ಬಾಗಿಲು ಹಾಕಿಕೊಂಡರೆ ನಿಮ್ಮ ಮನೆ ನಿಮ್ಮದು. ನೀರಿಗೆ ಬಂದರೆ ಎಲ್ಲರೂ ಸಿಗುತ್ತಾರೆ. ಯಾರೂ ಯಾರನ್ನೂ ಕರೆಯಬೇಕಿಲ್ಲ.

ಮೂರನೇ ಸಲ ನಮಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅಂಥದ್ದೇ. ಅಲ್ಲಿ ಇದಕ್ಕೆ ಬೋರ್ಡಿಂಗ್‌ಹೌಸ್ ಅಂತಾರೆ. ನಾವು ಸರ್ವೀಸ್ ಅಪಾರ್ಟ್‌ಮೆಂಟ್ ಅನ್ನುತ್ತೇವಲ್ಲ, ಅದು. ಒಬ್ಬೊಬ್ಬರಿಗೂ ಮಂಚ, ಬಾತ್‌ರೂಮ್, ಎರಡು ಬರ್ನರಿನ ಪುಟ್ಟ ಒಲೆ ಇರುವ ಸ್ಟುಡಿಯೋ. ಕೆಳಗೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ವಾಷಿಂಗ್ ಮಷಿನ್. ನೆಲ ಮಹಡಿಯಲ್ಲಿ ಒಂದು ಸಾಮೂಹಿಕ ಅಡುಗೆಮನೆ.

ನನ್ನ ಮತ ಇದಕ್ಕೇ. ಆದರೆ ಒಂದು ಷರತ್ತು ಇದೆ, ಆ ನೆಲ ಮಹಡಿಯ ಅಡುಗೆಮನೆ ಇರಲೇಬೇಕು. ಅದಿಲ್ಲದ ಬೋರ್ಡಿಂಗ್‌ಹೌಸ್ ಅಂದರೆ ಒಲೆ ಇರುವ ಲಾಡ್ಜ್ ಅಷ್ಟೇ, ಬಾವಿಯಿಲ್ಲದ ವಠಾರ. ಇದೇ ಬಗೆಯ ಕಟ್ಟಡದಲ್ಲಿ ಸಾಮೂಹಿಕ ಅಡುಗೆಮನೆ ಇಲ್ಲದೆ ಇದ್ದ ಇನ್ನೊಂದು ತಂಡದವರು ಲಿಫ್ಟ್‌ನಲ್ಲಿ ಮಾತ್ರ ಭೇಟಿಯಾಗುತ್ತಿದ್ದರು.

ಒಟ್ಟಿಗೆ ಉಣ್ಣುವುದಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಬಾಯಿ ಚಪಲವೊಂದೇ ಕಾರಣ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆವಿನ್ ನಿಫಿನ್ ಮತ್ತು ಸಂಗಡಿಗರು ಅಲ್ಲಿನ ಅಗ್ನಿಶಾಮಕ ಠಾಣೆಗಳನ್ನು ನೋಡಿ 2015ರಲ್ಲಿ ಬರೆದರು: ಒಟ್ಟಿಗೆ ಅಡುಗೆ ಮಾಡಿ ಉಣ್ಣುವ ತಂಡಗಳಿಗೆ ಕೆಲಸದಲ್ಲೂ ಮೇಲಧಿಕಾರಿಗಳು ಹೆಚ್ಚು ಅಂಕ ಕೊಟ್ಟಿದ್ದರು. ಉಂಡದ್ದಕ್ಕೇ ಕೆಲಸ ಚೆನ್ನಾಯಿತೋ, ಚೆನ್ನಾಗಿರುವ ತಂಡವೇ ಒಟ್ಟಿಗೆ ಉಣ್ಣುತ್ತೋ, ಅದನ್ನು ನೀವೇ ಯೋಚಿಸಿ. ನನಗೆ ಎರಡೂ ನಿಜ ಅನಿಸುತ್ತೆ.

ನಾವು ಮಾಡಿದ್ದು ಇಷ್ಟು. ವಾರದಲ್ಲಿ ಮೂರು ರಾತ್ರಿ ಕೆಳಗಿನ ಅಡುಗೆಮನೆಯಲ್ಲಿ ಒಟ್ಟಿಗೆ ಊಟ, ಉಳಿದ ನಾಲ್ಕು ರಾತ್ರಿ ಅವರವರ ಇಷ್ಟ. ಬರದವರನ್ನು ಯಾಕೆ ಅಂತ ಕೇಳುವಂತಿಲ್ಲ. ಈ ಕೊನೆಯ ನಿಯಮ ಬಹಳ ಮುಖ್ಯ. ತಂಡದಲ್ಲಿ ಒಬ್ಬ ಒಳಮುಖಿ ಇದ್ದೇ ಇರುತ್ತಾನೆ. ಕೂಡುಮನೆಯಲ್ಲಿ ಅವನಿಗೆ ಹೋಗಲು ಜಾಗವಿಲ್ಲ. ವಠಾರದಲ್ಲಿ ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಳ್ಳುತ್ತಾನೆ, ಮರುದಿನ ತಾನಾಗಿಯೇ ಇಳಿದು ಬರುತ್ತಾನೆ.

ಲೇಔಟ್

ಹೆಂಡತಿ ಮಕ್ಕಳು ಬರುವವರಿದ್ದರೆ, ವರ್ಷಕ್ಕಿಂತ ಜಾಸ್ತಿ ಇರುವುದಿದ್ದರೆ ಬೇರೆ ಬೇರೆ ಫ್ಲಾಟೇ ಸರಿ. ಒಬ್ಬರು ಬೋಬ್ಲಿಂಗನ್‌ನಲ್ಲಿ, ಇನ್ನೊಬ್ಬರು ಲಿಯೋನ್‌ಬರ್ಗ್‌ನಲ್ಲಿ, ಮತ್ತೊಬ್ಬರು ಎಸ್ಲಿಂಗನ್‌ನಲ್ಲಿ. ಸೋಮವಾರ ಆಫೀಸಿನಲ್ಲಿ "ವೀಕೆಂಡ್ ಹೇಗಿತ್ತು" ಅಂತ ಕೇಳುವ ಸಂಬಂಧ ಉಳಿಯುತ್ತೆ. ಅದರಲ್ಲಿ ತಪ್ಪೇನೂ ಇಲ್ಲ. ಸಂಸಾರ ಜೊತೆಗಿದ್ದರೆ ಖಾಲಿ ಸಂಜೆಯ ಸಮಸ್ಯೆಯೇ ಇರಲ್ಲ. ಆದರೆ ಎಲ್ಲರೂ ಒಂದೇ ಎಸ್‌-ಬಾನ್ ರೈಲು ಮಾರ್ಗದಲ್ಲಿ ಮನೆ ಹಿಡಿದರೆ ಒಳ್ಳೆಯದು. ರೈಲಿನಲ್ಲಿ ಒಟ್ಟಿಗೆ ಬರುವ ಇಪ್ಪತ್ತು ನಿಮಿಷವೇ ಅಂಗಳವಾಗುತ್ತೆ. ಒಬ್ಬಂಟಿಯಾಗಿ ಹೋದ ಹೊಸಬನನ್ನು ಮಾತ್ರ ಹೀಗೆ ಒಂದು ಮೂಲೆಯ ಫ್ಲಾಟಿಗೆ ಹಾಕಬೇಡಿ. ಆ ನವೆಂಬರ್ ಅವನಿಗೆ ಬಹಳ ಉದ್ದವಾಗುತ್ತೆ.

ಯಾರನ್ನು ಯಾರ ಪಕ್ಕ ಹಾಕಬೇಕು

ಮನೆ ಸಿಕ್ಕ ಮೇಲೆ ರೂಮು ಹಂಚುವಾಗ ಎಲ್ಲರೂ ಮಾಡುವ ತಪ್ಪು: ಕನ್ನಡದವರು ಒಂದು ಕಡೆ, ತೆಲುಗಿನವರು ಒಂದು ಕಡೆ, ಹಿಂದಿಯವರು ಇನ್ನೊಂದು ಕಡೆ. ಆಯಾ ಗುಂಪಿಗೆ ಅದು ಹಿತವೇ. ಮೂರು ತಿಂಗಳಲ್ಲಿ ತಂಡ ಮೂರಾಗಿರುತ್ತೆ.

ಇದಕ್ಕೆ ಪರಿಹಾರ ಜರ್ಮನಿಯವರ ಹತ್ತಿರವೇ ಇದೆ. 2014ರ ಫುಟ್‌ಬಾಲ್ ವಿಶ್ವಕಪ್‌ಗೆ ಅವರ ತಂಡ ಬ್ರೆಜಿಲ್‌ನ ಬಾಹಿಯಾ ಕರಾವಳಿಯ ಸಾಂತೊ ಆಂದ್ರೆ ಎಂಬ ಹಳ್ಳಿಯಲ್ಲಿ, ಕಾಂಪೊ ಬಾಹಿಯಾ ಅನ್ನುವ ಜಾಗದಲ್ಲಿ ಉಳಿದಿತ್ತು. ದೊಡ್ಡ ಹೋಟೆಲ್ ಅಲ್ಲ, ಬಿಡಿ ಬಿಡಿ ಮನೆಗಳು. ಆಟಗಾರರನ್ನು ಹಂಚುವಾಗ ಬಯರ್ನ್ ಮ್ಯೂನಿಕ್‌ನವರು, ಡಾರ್ಟ್‌ಮುಂಡ್‌ನವರು ಅಂತ ಕ್ಲಬ್ ಪ್ರಕಾರ ಗುಂಪು ಮಾಡದೆ ಬೇಕಂತಲೇ ಬೆರೆಸಿದರು. ಒಬ್ಬೊಬ್ಬರಿಗೂ ಮಲಗಲು ತಮ್ಮದೇ ಕೋಣೆ, ಕೂರಲು ಹಂಚಿಕೊಂಡ ಜಾಗ. ವಠಾರವೇ ತಾನೆ? ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಮೇಲೆ 7-1, ಫೈನಲ್‌ನಲ್ಲಿ ಅರ್ಜೆಂಟೀನಾ ಮೇಲೆ 1-0. ನಾಲ್ಕು ವರ್ಷದ ನಂತರ ರಷ್ಯಾದಲ್ಲಿ ಮಾಸ್ಕೋ ಹೊರವಲಯದ ವತುತಿಂಕಿಯಲ್ಲಿ ಒಂದೇ ಹೋಟೆಲ್‌ನಲ್ಲಿ ಉಳಿದರು. ಗುಂಪಿನಲ್ಲಿ ಕೊನೆಯ ಸ್ಥಾನ ಪಡೆದು ವಾಪಸ್ ಬಂದರು. ಮನೆಯಿಂದಲೇ ಕಪ್ ಗೆದ್ದರು ಅನ್ನುವಷ್ಟು ದಡ್ಡ ನಾನಲ್ಲ, ಕಾಲಿನಲ್ಲಿ ಆಟವೂ ಇರಬೇಕು. ಆದರೆ ಬೆರೆಸಿ ಹಂಚುವ ಆ ಉಪಾಯವನ್ನು ಕದಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗೆಯೇ ಬೇರೆ ಮಾತಿನವರು ಮೇಜಿನಲ್ಲಿದ್ದಾಗ ನಾವು ನಾವೇ ಕನ್ನಡದಲ್ಲಿ ಶುರು ಹಚ್ಚಿಕೊಳ್ಳಬಾರದು. ಇದನ್ನು ಹೇಳುವಾಗ ನನಗೇ ಸ್ವಲ್ಪ ಮುಜುಗರ, ಯಾಕಂದರೆ ನಾನೇ ದೊಡ್ಡ ಅಪರಾಧಿ. ಕೊನೆಗೆ ಒಬ್ಬ ಒಡಿಶಾದ ಹುಡುಗ ನಾಲ್ಕು ತಿಂಗಳಲ್ಲಿ ಕನ್ನಡ ಕಲಿತು ನಮ್ಮ ಬಾಯಿ ಮುಚ್ಚಿಸಿದ.

ಲೀಡ್ ಎಲ್ಲಿರಬೇಕು? ಕೂಡುಮನೆಯಲ್ಲಂತೂ ಬೇಡ. ನಾನು ಇದ್ದೆ, ಅದಕ್ಕೇ ಹೇಳುತ್ತಿದ್ದೇನೆ. ರೇಟಿಂಗ್ ಕೊಡುವವನ ಎದುರು ಯಾರೂ ಲುಂಗಿಯಲ್ಲಿ ಆರಾಮಾಗಿ ಕಾಲು ಚಾಚಿ ಕೂರಲ್ಲ. ಅದೇ ಕಟ್ಟಡದಲ್ಲಿ ಬೇರೆ ಮಹಡಿ, ಇಲ್ಲವೇ ನಡೆದು ಹೋಗುವಷ್ಟು ದೂರ ಸಾಕು.

ತಂಡದಲ್ಲಿ ಒಬ್ಬರೋ ಇಬ್ಬರೋ ಹೆಣ್ಣುಮಕ್ಕಳಿದ್ದರೆ ಮನೆ ನೋಡುವ ಮೊದಲೇ, ಎಲ್ಲರ ಮುಂದೆ ಅಲ್ಲ, ಅವರನ್ನೇ ಬೇರೆಯಾಗಿ ಕೇಳಿ. "ಪರವಾಗಿಲ್ಲ, ನಾನು ಅಡ್ಜಸ್ಟ್ ಮಾಡ್ಕೋತೀನಿ" ಅನ್ನುವ ಉತ್ತರವನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಬೇರೆ ಬಾಗಿಲು, ಒಳಗಿನಿಂದ ಬೀಗ, ತಮ್ಮದೇ ಬಾತ್‌ರೂಮ್. ಇಷ್ಟಿದ್ದು ಊಟದ ಮೇಜು ಹತ್ತಿರವಿದ್ದರೆ ತಂಡದ ಹೊರಗೆ ಉಳಿದ ಹಾಗೂ ಆಗಲ್ಲ. ಚಪಾತಿ ಲಟ್ಟಿಸುತ್ತಿದ್ದ ಆ ಹುಡುಗಿಯ ವಿಷಯದಲ್ಲಿ ನಾವು ಸರಿಯಾಗಿ ಮಾಡಿದ್ದು ಇದೊಂದೇ.

ಕರಾರಿಗೆ ಮೊದಲು ಕೇಳಬೇಕಾದ್ದು

ಮೂರು ತಿಂಗಳಿಗಿಂತ ಜಾಸ್ತಿ ಇರುವುದಾದರೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಬೇಕೇ ಬೇಕು. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಅದಕ್ಕೆ ಮಾಲೀಕರ ಪತ್ರ ಬೇಕು. ಕೊಡುತ್ತೀರಾ ಅಂತ ಮೊದಲೇ ಕೇಳಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ, ಭಾನುವಾರ ಇಡೀ ದಿನ ನಿಶ್ಶಬ್ದ, ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಹಾಗಾಗಿ ಜೋರು ದನಿಯ ತಂಡವಾದರೆ ಗೋಡೆ ದಪ್ಪ ಇರುವ ಮನೆ ನೋಡಿ. ಮಲಗುವ ಕೋಣೆಗಳಲ್ಲಿ ಹೊಗೆ ಅಲಾರಂ ಕಡ್ಡಾಯ. ಅಡುಗೆಮನೆಯಿಂದ ಅವು ಎಷ್ಟು ದೂರ, ಮಧ್ಯೆ ಬಾಗಿಲು ಇದೆಯಾ ಅಂತಲೂ ನೋಡಿ. ಬಾಗಿಲಿಲ್ಲದ ತೆರೆದ ಅಡುಗೆಮನೆ ಫೋಟೋದಲ್ಲಿ ಚೆನ್ನ, ಒಗ್ಗರಣೆಗೆ ಅಲ್ಲ.

ಇನ್ನೊಂದು ಅಪಾಯ ಮನೆಯ ಒಳಗಿಲ್ಲ. ತಂಡ ತನ್ನೊಳಗೆ ತೀರಾ ಹತ್ತಿರವಾದರೆ ಸುತ್ತ ಗೋಡೆ ಎದ್ದುಬಿಡುತ್ತೆ. ಕೂಡುಮನೆಯ ಆರು ತಿಂಗಳಲ್ಲಿ ನಾನು ಒಬ್ಬ ಜರ್ಮನ್ ಸಹೋದ್ಯೋಗಿಯನ್ನೂ ಆಫೀಸಿನ ಹೊರಗೆ ಭೇಟಿಯಾಗಲಿಲ್ಲ. ನಮಗೆ ನಾವೇ ಸಾಕಾಗಿದ್ದೆವು.

ಕೊನೆಯದಾಗಿ, ಮಾಲೀಕರು ಕಳಿಸುವ ಫೋಟೋಗಳಲ್ಲಿ ಮಂಚ ನೋಡುವ ಮೊದಲು ಊಟದ ಮೇಜು ನೋಡಿ, ಕುರ್ಚಿ ಎಣಿಸಿ. ವಠಾರದ ಅಡುಗೆಮನೆಯಲ್ಲಿ ಮೇಜಿಗೆ ನಾಲ್ಕೇ ಕುರ್ಚಿ ಇದ್ದವು, ನಾವು ಆರು ಜನ. ಮೊದಲ ವಾರ ಇಬ್ಬರು ಯಾವಾಗಲೂ ನಿಂತೇ ಉಂಡು ಬೇಗ ಮೇಲೆ ಹೋಗಿಬಿಡುತ್ತಿದ್ದರು. ಎರಡನೇ ವಾರ ಹಳೇ ಸಾಮಾನಿನ ಆ್ಯಪ್‌ನಲ್ಲಿ ಎರಡು ಕುರ್ಚಿ ಕೊಂಡು ರೈಲಿನಲ್ಲಿ ಹೊತ್ತು ತಂದೆವು. ಬರುವಾಗ ನಮ್ಮ ನಂತರದ ತಂಡಕ್ಕೆ ಅವನ್ನು ಬಿಟ್ಟು ಬಂದೆವು. ಅವರು ಐದೇ ಜನ. ಆರನೇ ಕುರ್ಚಿಯಲ್ಲಿ ಈಗ ಶುಕ್ರವಾರ ರಾತ್ರಿ ಆಫೀಸಿನ ಒಬ್ಬ ಜರ್ಮನ್ ಹಿರಿಯರು ಬಂದು ಕೂರುತ್ತಾರಂತೆ. ಬಿಸಿಬೇಳೆಬಾತ್ ಎರಡನೇ ಸಲ ಹಾಕಿಸಿಕೊಳ್ಳುತ್ತಾರಂತೆ.